ಮುಂಬೈಯಲ್ಲಿ ಎಕ್ಸ್‌ರೇ ರೂಮ್ ಮಾಡ್ತಿದ್ದೀರಾ? ಮೊದಲು ಗೋಡೆಯ ಆಚೆ ಯಾರಿದ್ದಾರೆ ನೋಡಿ

ಮುಂಬೈ ಉಪನಗರದ ಒಂದು ಡಯಾಗ್ನೋಸ್ಟಿಕ್ ಸೆಂಟರಿಗೆ ನಾನು ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಸೇರಿದ ಮೊದಲ ವಾರ. ಮಧ್ಯಾಹ್ನ ಡಬ್ಬಿ ಊಟ ಮುಗಿಸಿ ಕೈ ತೊಳೆಯಲು ಕಟ್ಟಡದ ಹಿಂದಿನ ಓಣಿಗೆ ಹೋದೆ. ಸೊಸೈಟಿಯ ವಾಚ್‌ಮನ್ ಚಾಚಾ ಅಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬೆನ್ನನ್ನು ಗೋಡೆಗೆ ಆನಿಸಿ ಕೂತಿದ್ದರು. ಆ ಓಣಿಯಲ್ಲಿ ಬಿಸಿಲು ಬೀಳದ ಜಾಗ ಅದೊಂದೇ. ಗೋಡೆಯ ಒಳಬದಿಯಲ್ಲಿ ಏನಿದೆ ಅಂತ ಲೆಕ್ಕ ಹಾಕಿದೆ. ರೋಗಿ ಎದೆ ಆನಿಸಿ ನಿಲ್ಲುವ ನಮ್ಮ ಚೆಸ್ಟ್ ಸ್ಟ್ಯಾಂಡ್. ಎದೆಯ ಎಕ್ಸ್‌ರೇ ತೆಗೆಯುವಾಗಲೆಲ್ಲ ಕಿರಣ ರೋಗಿಯ ಮೈ ದಾಟಿ, ಆ ಗೋಡೆ ದಾಟಿ, ನೇರ ಚಾಚಾ ಬೆನ್ನಿನ ಕಡೆಗೆ ಹೋಗುತ್ತಿತ್ತು. ಗೋಡೆ ಎಷ್ಟು ದಪ್ಪ ಅಂತ ಬಾಗಿಲ ಚೌಕಟ್ಟಿನ ಹತ್ತಿರ ಗೇಣು ಹಾಕಿ ನೋಡಿದೆ. ಪ್ಲಾಸ್ಟರ್ ಸೇರಿ ಐದಿಂಚೂ ಇರಲಿಲ್ಲ.

ಮಾಲೀಕರಿಗೆ ಹೇಳಿದೆ. "ಲೈಸೆನ್ಸ್ ಇದೆ, ನೀನು ನಿನ್ನ ಕೆಲಸ ನೋಡು" ಅಂದರು. ಫೈಲ್ ತೆಗೆದು ನೋಡಿದರೆ ಕಾಗದದಲ್ಲಿದ್ದದ್ದು ಹಳೇ ವಿಳಾಸ. ಎರಡು ವರ್ಷ ಹಿಂದೆ ಸೆಂಟರ್ ಬೇರೆ ಕಡೆಯಿಂದ ಇಲ್ಲಿಗೆ ಬಂದಿತ್ತು, ಮಷಿನ್ ಟೆಂಪೋದಲ್ಲಿ ಬಂದಿತ್ತು, ಅನುಮತಿ ಮಾತ್ರ ಹಳೇ ಜಾಗದಲ್ಲೇ ಉಳಿದಿತ್ತು. ಮೂರು ತಿಂಗಳು ದಿನಾ ಕೇಳಿ ಕೇಳಿ ಕೊನೆಗೆ ಗೋಡೆಗೆ ಕಿರಣ ತಡೆಯುವ ಸೀಸದ ಹಾಳೆ ಬಂತು, ಹೊಸ ಅರ್ಜಿಯೂ ಹೋಯಿತು. ಅಲ್ಲಿಯವರೆಗೆ ನಾನೇ ದಿನಾ ಬೆಳಿಗ್ಗೆ ಹೋಗಿ ಚಾಚಾ ಕುರ್ಚಿಯನ್ನು ಗೇಟಿನ ಹತ್ತಿರ ಎಳೆದು ಇಡುತ್ತಿದ್ದೆ.

ಇದಾಗಿ ಹದಿನೇಳು ವರ್ಷ. ಈಗ ನಾನೇ ಇನ್ನೊಂದು ಕಡೆ ರೇಡಿಯೇಷನ್ ಸೇಫ್ಟಿ ಆಫೀಸರ್, ಅಂದರೆ ವಿಕಿರಣದ ಸುರಕ್ಷತೆ ನೋಡಿಕೊಳ್ಳುವವಳು, ನಮ್ಮ ಬಾಯಲ್ಲಿ ಆರ್‌ಎಸ್‌ಒ. ಮುಂಬೈ, ಠಾಣೆ, ನವಿ ಮುಂಬೈ ಕಡೆ ಕ್ಲಿನಿಕ್ ತೆರೆಯುವ ನಮ್ಮ ಕನ್ನಡದವರು ತುಂಬಾ ಜನ ಇದ್ದಾರೆ, ಮೂಳೆ ಡಾಕ್ಟರು, ಹಲ್ಲಿನ ಡಾಕ್ಟರು, ಸಣ್ಣ ನರ್ಸಿಂಗ್ ಹೋಮ್‌ನವರು. ಅವರಲ್ಲಿ ಸುಮಾರು ಜನ ಮಷಿನ್ ಬಂದು ಇಳಿದ ಮೇಲೆ ಫೋನ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಲಿನಿಕ್ ಇಲ್ಲದವರೂ ಓದಿ, ಯಾಕಂದ್ರೆ ಗೋಡೆಯ ಆಚೆ ಇರುವವರು ನೀವೇ ಆಗಿರಬಹುದು.

ಅನುಮತಿ ಕೊಡುವವರು ಯಾರು

ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಲ್ಲರೂ ಕರೆಯುವುದು ಎಇಆರ್‌ಬಿ ಅಂತ. 1962ರ ಪರಮಾಣು ಶಕ್ತಿ ಕಾಯ್ದೆಯ ಅಡಿಯಲ್ಲಿ 1983ರ ನವೆಂಬರ್ 15ರಂದು ಇದನ್ನು ರಚಿಸಿದರು. ಆಫೀಸು ನಮ್ಮ ಮುಂಬೈಯಲ್ಲೇ, ಅಣುಶಕ್ತಿನಗರದ ನಿಯಾಮಕ ಭವನದಲ್ಲಿ. ನಾನು ಕಾರವಾರದವಳು. ಕೈಗಾ ನಮ್ಮ ತಾಲೂಕಿನಲ್ಲೇ ಇದೆ. 1994ರ ಮೇ 13ರಂದು ಅಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟು ಕಳಚಿ ಬಿತ್ತು. ಆಗ ಒಳಗೆ ಇಂಧನ ಇರಲಿಲ್ಲ, ಹಾಗಾಗಿ ವಿಕಿರಣದ ಅಪಾಯ ಆಗಲಿಲ್ಲ. ಆದರೆ ನಮ್ಮ ಮನೆಯಲ್ಲಿ ಅವತ್ತಿನಿಂದ ಒಂದೇ ಪ್ರಶ್ನೆ, ಇದನ್ನೆಲ್ಲ ನೋಡುವವರು ಯಾರು? ಗುಮ್ಮಟದ ವಿನ್ಯಾಸ ಬದಲಾಯಿತು, ಮತ್ತೆ ಪರಿಶೀಲನೆ ನಡೆಯಿತು, ಕೈಗಾದಲ್ಲಿ ವಾಣಿಜ್ಯ ಉತ್ಪಾದನೆ ಶುರುವಾಗುವಾಗ 2000 ಬಂದಿತ್ತು. ಮುಂಬೈಗೆ ಬಂದು ಈ ಕೆಲಸ ಕಲಿತ ಮೇಲೆ ಗೊತ್ತಾಯಿತು, ಕೈಗಾಕ್ಕೂ ತಾರಾಪುರದ ಅಣುಸ್ಥಾವರಕ್ಕೂ ಅನುಮತಿ ಕೊಡುವ ಮಂಡಳಿಯೇ ನಮ್ಮ ಹತ್ತಡಿ ಎಕ್ಸ್‌ರೇ ರೂಮಿಗೂ ಅನುಮತಿ ಕೊಡುವುದು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ, ಅಂದರೆ ಬಿಎಆರ್‌ಸಿ ಮಾತ್ರ 2000ದಿಂದ ಈ ಮಂಡಳಿಯ ಕೈಕೆಳಗಿಲ್ಲ, ಅಲ್ಲಿಯ ಸುರಕ್ಷತೆಯನ್ನು ಅಲ್ಲಿಯದೇ ಒಂದು ಮಂಡಳಿ ನೋಡುತ್ತದೆ. ಇಷ್ಟು ದೊಡ್ಡ ಊರಿನ ಮಧ್ಯೆ ಇರುವ ಸಂಸ್ಥೆಯನ್ನು ಹೊರಗಿನವರು ನೋಡಿದರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಶಾಂತಿ ಅನ್ನುವ ಹೊಸ ಕಾಯ್ದೆ ಪಾಸ್ ಮಾಡಿದೆ. ಅದು 1962ರ ಕಾಯ್ದೆಯ ಜಾಗಕ್ಕೆ ಬಂದದ್ದು, ಮಂಡಳಿಗೆ ಕಾನೂನಿನಲ್ಲೇ ಸ್ಥಾನ ಕೊಡುತ್ತದೆ. ನಿಮಗೆ ಇದರಿಂದ ಬೇಕಾದದ್ದು ಇಷ್ಟೇ: ಸ್ನೇಹಿತರು ಕಳಿಸಿದ ಹಳೇ ಫಾರ್ಮ್ ನೋಡಿ ತುಂಬಬೇಡಿ, ಅರ್ಜಿ ಹಾಕುವ ದಿನ ಮಂಡಳಿಯ ಪೋರ್ಟಲ್‌ನಲ್ಲಿ ಇರುವುದನ್ನೇ ನೋಡಿ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಇದರಲ್ಲಿ ಗೊಂದಲ ಜಾಸ್ತಿ. ಎಕ್ಸ್‌ರೇ, ಹಲ್ಲಿನ ಎಕ್ಸ್‌ರೇ, ಒಪಿಜಿ (ಇಡೀ ದವಡೆಯ ಎಕ್ಸ್‌ರೇ), ಮ್ಯಾಮೋಗ್ರಫಿ (ಸ್ತನದ ಎಕ್ಸ್‌ರೇ), ಆಪರೇಷನ್ ಥಿಯೇಟರಿನ ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಮಷಿನ್), ಸಿಟಿ ಸ್ಕ್ಯಾನ್, ಕ್ಯಾತ್ ಲ್ಯಾಬ್ (ಹೃದಯದ ರಕ್ತನಾಳ ನೋಡುವ ಎಕ್ಸ್‌ರೇ ಕೋಣೆ), ಎಲುಬಿನ ಸಾಂದ್ರತೆ ನೋಡುವ ಎಕ್ಸ್‌ರೇ ಮಷಿನ್, ಇಷ್ಟಕ್ಕೂ ಎಇಆರ್‌ಬಿ ಅನುಮತಿ ಬೇಕು. ಸೋನೋಗ್ರಫಿಗೆ, ಎಂಆರ್‌ಐಗೆ ಬೇಡ, ಅವುಗಳಲ್ಲಿ ಈ ಕಿರಣವೇ ಇಲ್ಲ. ಆದರೆ ಸೋನೋಗ್ರಫಿ ಮಷಿನ್ನನ್ನು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ನೋಂದಾಯಿಸಲೇಬೇಕು, ಅದರ ಅಧಿಕಾರಿಗಳು ಬೇರೆ, ಕಾಗದ ಬೇರೆ. ಒಂದು ಕಾಗದ ತೋರಿಸಿ ಇನ್ನೊಂದು ಇದೆ ಅಂದುಕೊಂಡು ಆರಾಮಾಗಿ ಇರುವವರನ್ನು ನಾನು ನೋಡಿದ್ದೇನೆ.

2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ಸಿಟಿ ಮತ್ತು ಕ್ಯಾತ್ ಲ್ಯಾಬಿಗೆ ಲೈಸೆನ್ಸ್, ಸಾಮಾನ್ಯ ಎಕ್ಸ್‌ರೇ ಥರದವಕ್ಕೆ ರಿಜಿಸ್ಟ್ರೇಷನ್. ಮಾತಿನಲ್ಲಿ ನಾವು ಎಲ್ಲಕ್ಕೂ ಲೈಸೆನ್ಸ್ ಅಂತಲೇ ಹೇಳುತ್ತೇವೆ. ಸಾಮಾನ್ಯವಾಗಿ ಐದು ವರ್ಷದ ಅವಧಿ. ಮುಗಿಯುವ ತಾರೀಕನ್ನು ಫೋನಿನಲ್ಲಿ ಮೂರು ತಿಂಗಳು ಮುಂಚಿನ ರಿಮೈಂಡರ್ ಹಾಕಿ ಇಡಿ.

ಮೊದಲ ಕೆಲಸ: ಗಾಳಾ, ಅಂದರೆ ಅಂಗಡಿ ಜಾಗ, ನೋಡುವಾಗಲೇ ಗೋಡೆ ನೋಡಿ

ನಮ್ಮ ಭಾವ ಮೂಳೆ ಡಾಕ್ಟರು. ಮುಲುಂಡ್‌ನಲ್ಲಿ ಸ್ವಂತ ಕ್ಲಿನಿಕ್ ಮಾಡುವ ಉಮೇದಿನಲ್ಲಿ ಒಂದು ರಾತ್ರಿ ಫೋನ್ ಮಾಡಿದರು. "ಮಾರಾಯ್ತಿ, ಮಷಿನ್ ಬುಕ್ ಮಾಡಿ ಬಂದೆ. ಇನ್ನು ನಿಮ್ಮ ಎಇಆರ್‌ಬಿದು ಏನೇನು ಮಾಡ್ಬೇಕು ಹೇಳು."

"ಭಾವ, ಅಡ್ವಾನ್ಸ್ ಕೊಟ್ರಾ?"

"ಕೊಟ್ಟೆ."

"ರೂಮ್ ಯಾವುದು?"

"ಅದು ಇನ್ನೂ ಫೈನಲ್ ಆಗಿಲ್ಲ. ಎರಡು ಗಾಳಾ ನೋಡಿದ್ದೇನೆ."

ಇದು ಉಲ್ಟಾ ದಾರಿ. ಮೊದಲು ಜಾಗ, ಆಮೇಲೆ ನಕ್ಷೆ, ಆಮೇಲೆ ಅರ್ಜಿ, ಆಮೇಲೆ ದುಡ್ಡು. ಮರುದಿನ ಭಾನುವಾರ, ಅಳತೆ ಟೇಪ್ ಹಿಡಿದುಕೊಂಡು ಅವರ ಜೊತೆ ಹೋದೆ.

ಒಂದು ಗಾಳಾ ಮೊದಲ ಮಹಡಿಯಲ್ಲಿತ್ತು, ಕೆಳಗೆ ಮಕ್ಕಳ ಟ್ಯೂಷನ್ ಕ್ಲಾಸು. ಟೇಬಲ್ ಮೇಲೆ ರೋಗಿಯನ್ನು ಮಲಗಿಸಿ ಎಕ್ಸ್‌ರೇ ತೆಗೆದರೆ ಕಿರಣ ನೇರ ಕೆಳಕ್ಕೆ. ಸ್ಲ್ಯಾಬ್ ದಪ್ಪ ಇದ್ದರೆ ತಡೆಯುತ್ತದೆ, ಆದರೆ ಹಳೇ ಕಟ್ಟಡ, ಮಳೆಗಾಲದಲ್ಲಿ ಸೋರಿ ಸೋರಿ ಸ್ಲ್ಯಾಬಿನ ಅಡಿಯಲ್ಲಿ ಕಬ್ಬಿಣ ಕಾಣುತ್ತಿತ್ತು. ಬೇಡ ಅಂದೆ. ಇನ್ನೊಂದು ನೆಲಮಹಡಿ, ಮೂಲೆಯದ್ದು, ಎರಡು ಕಡೆ ಹೊರಗೋಡೆ. ಬಾಡಿಗೆ ಜಾಸ್ತಿ. ಅದನ್ನೇ ಹಿಡಿಯಿರಿ ಅಂತ ಹಟ ಹಿಡಿದೆ. ಕೆಳಗೆ ಯಾರೂ ಇಲ್ಲ ಅಂದರೆ ಅರ್ಧ ಚಿಂತೆ ಕಡಿಮೆ.

ರೂಮ್ ನೋಡುವಾಗ ಆರೂ ಕಡೆ ಯೋಚನೆ ಮಾಡಬೇಕು, ನಾಲ್ಕು ಗೋಡೆ, ಮೇಲೆ, ಕೆಳಗೆ. ಒಂದು ಹಾಳೆಯಲ್ಲಿ ರೂಮ್ ಬರೆದು ಪ್ರತಿ ಬದಿಯಲ್ಲಿ ಯಾರಿರುತ್ತಾರೆ, ದಿನಕ್ಕೆ ಎಷ್ಟು ಹೊತ್ತು ಇರುತ್ತಾರೆ ಅಂತ ಬರೆಯಿರಿ. ಪಕ್ಕದ ಅಂಗಡಿಯ ಗಲ್ಲಾಪೆಟ್ಟಿಗೆಯ ಹುಡುಗ ಹತ್ತು ತಾಸು ಒಂದೇ ಕಡೆ ಕೂರುತ್ತಾನೆ, ಅದು ಲೆಕ್ಕಕ್ಕೆ ಬರುತ್ತದೆ. ಮೆಟ್ಟಿಲ ಮೇಲೆ ಹಾದುಹೋಗುವವರು ಬೇರೆ, ಗೋಡೆಗೆ ಮಂಚ ಹಾಕಿ ಮಲಗುವ ಅಜ್ಜಿ ಬೇರೆ. ಮುಂಬೈಯಲ್ಲಿ ಒಬ್ಬರ ಗೋಡೆ ಇನ್ನೊಬ್ಬರ ಗೋಡೆಯೇ ಅಲ್ವಾ, ಹಾಗಾಗಿ ಈ ಹಾಳೆಯನ್ನು ಸುಮ್ನೆ ಊಹೆಯ ಮೇಲೆ ತುಂಬಬೇಡಿ. ಪಕ್ಕದ ಮನೆಯ ಬಾಗಿಲು ತಟ್ಟಿ, ನೋಡಿ, ಬರೆಯಿರಿ. ನಾವು ತಟ್ಟಿದ ಮನೆಯಲ್ಲಿ ಮರಾಠಿ ಕುಟುಂಬ, ಎಂಟು ತಿಂಗಳ ಮಗು. ನಾವು ಹೇಳಿದ್ದನ್ನೆಲ್ಲ ಕೇಳಿದ ಆ ತಾಯಿ ತೊಟ್ಟಿಲು ಯಾವ ಗೋಡೆಗೆ ಇದೆ ಅಂತ ಒಳಗೆ ಕರೆದು ತೋರಿಸಿದರು. ಭಾವ ಅವತ್ತೇ ನಕ್ಷೆಯಲ್ಲಿ ಚೆಸ್ಟ್ ಸ್ಟ್ಯಾಂಡನ್ನು ಆ ಗೋಡೆಯಿಂದ ತೆಗೆದು, ರಸ್ತೆ ಕಡೆಯ ಹೊರಗೋಡೆಗೆ ಬದಲಾಯಿಸಿದರು. ಖರ್ಚು ಒಂದು ಪೆನ್ಸಿಲ್ ಗೆರೆ.

ಗೋಡೆಗೆ ಒಂಬತ್ತಿಂಚು ಇಟ್ಟಿಗೆ, ಅಂದರೆ 23 ಸೆಂಟಿಮೀಟರ್, ಇದು ಸಾಮಾನ್ಯ ಎಕ್ಸ್‌ರೇ ರೂಮಿಗೆ ನಮ್ಮಲ್ಲಿ ರೂಢಿಯ ಲೆಕ್ಕ. ಅದು ಸುಮಾರು 2 ಮಿಲಿಮೀಟರ್ ಸೀಸಕ್ಕೆ ಸಮ. ಫ್ಲ್ಯಾಟಿನ ಒಳಗೋಡೆಗಳು ಅದರ ಅರ್ಧ ಇರುತ್ತವೆ, ಹೊಸ ಕಟ್ಟಡಗಳ ಹಗುರ ಬ್ಲಾಕುಗಳು ನೋಡಲು ದಪ್ಪ ಇದ್ದರೂ ಇಟ್ಟಿಗೆಯಷ್ಟು ತಡೆಯುವುದಿಲ್ಲ, ಜಿಪ್ಸಂ ಪಾರ್ಟಿಷನ್ ಅಂತೂ ಇಲ್ಲದ ಹಾಗೇ. ಕಡಿಮೆ ಬಿದ್ದ ಕಡೆ ಸೀಸದ ಹಾಳೆ ಹೊಡೆಸಬೇಕು. ಬಾಗಿಲಿಗೂ ಸೀಸದ ಲೈನಿಂಗ್ ಬೇಕು, ಬಾಗಿಲು ಚೌಕಟ್ಟಿನ ಮೇಲೆ ಹತ್ತಿ ಕೂರಬೇಕು, ಸಂದು ಉಳಿಯಬಾರದು. ಬಡಗಿ ಹಾಳೆಯನ್ನು ಬಾಗಿಲಿನ ಮಧ್ಯಕ್ಕೆ ಮಾತ್ರ ಹೊಡೆದು, ಹಿಡಿಕೆಯ ಹತ್ತಿರ ತೂತು ಬಿಟ್ಟು, ಮೇಲೆ ಸನ್‌ಮೈಕಾ ಅಂಟಿಸಿಬಿಟ್ಟರೆ ಆಮೇಲೆ ಯಾರಿಗೂ ಕಾಣುವುದಿಲ್ಲ. ಅಂಟಿಸುವ ಮುಂಚೆ ನಿಂತು ನೋಡಿ, ಫೋಟೋ ತೆಗೆದಿಡಿ.

ಕಿಟಕಿ ಬೇಕೇ ಬೇಕು ಅಂದರೆ ಹೊರಗಿನ ನೆಲದಿಂದ 2 ಮೀಟರಿಗಿಂತ ಮೇಲೆ ಇರಬೇಕು. ಎಸಿ ಪೈಪಿನ ತೂತೂ ಇದೇ ಲೆಕ್ಕ. ಸ್ಥಿರ ಎಕ್ಸ್‌ರೇ ಮಷಿನ್ನಿಗೂ ಸ್ವಿಚ್ ಒತ್ತುವ ಕಂಟ್ರೋಲ್ ಪ್ಯಾನೆಲ್ಲಿಗೂ ಕನಿಷ್ಠ 3 ಮೀಟರ್ ಅಂತರ, ಮಧ್ಯೆ ಸೀಸದ ಗಾಜಿನ ತಡೆ. ಇನ್ನು ಬಾಗಿಲ ಮೇಲೆ ಕೆಂಪು ದೀಪ, ಮೂರು ಎಸಳಿನ ವಿಕಿರಣ ಚಿಹ್ನೆಯ ಫಲಕ, ಗರ್ಭಿಣಿ ಆಗಿದ್ದರೆ ಅಥವಾ ಆಗಿರಬಹುದು ಅನ್ನಿಸಿದರೆ ಮೊದಲೇ ಹೇಳಿ ಅನ್ನುವ ಫಲಕ. ಈ ಎರಡನೇ ಫಲಕ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇರಲಿ. ನಿಮ್ಮಲ್ಲಿಗೆ ಕನ್ನಡದವರು ಬರುತ್ತಾರೆ ಅಂದರೆ ಕನ್ನಡದಲ್ಲೂ ಬರೆಸಿ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಎಷ್ಟೋ ಸಲ ನನ್ನ ಹತ್ತಿರ ಬಂದು, ಒಳಗೆ ಹೋದ ಮೇಲೆ, ಸೀಸದ ಏಪ್ರನ್ ಹಾಕುವಾಗ, ಮೆಲ್ಲಗೆ "ಅಕ್ಕಾ, ನನಗೆ ದಿನ ದಾಟ್ಯಾವು" ಅಂದದ್ದಿದೆ. ಹೊರಗೇ ಓದಿದ್ದರೆ ಹೊರಗೇ ಹೇಳುತ್ತಿದ್ದರು.

ಅರ್ಜಿ ಮತ್ತು ಖರೀದಿ

ಎಲ್ಲ ಆನ್‌ಲೈನ್. ಮಂಡಳಿಯ ಪೋರ್ಟಲ್ಲಿನ ಹೆಸರು ಇ-ಲೋರಾ. ಮೊದಲು ನಿಮ್ಮ ಸಂಸ್ಥೆಯನ್ನು ನೋಂದಾಯಿಸಬೇಕು, ಮಾಲೀಕರ ವಿವರ, ಪ್ಯಾನ್, ವಿಳಾಸದ ದಾಖಲೆ. ಒಪ್ಪಿಗೆ ಬಂದ ಮೇಲೆ ಲಾಗಿನ್ ಸಿಗುತ್ತದೆ. ಆ ಲಾಗಿನ್ ನಿಮ್ಮ ಹತ್ತಿರವೇ ಇರಲಿ. ಮಷಿನ್ ಮಾರುವವರು "ನಾವೇ ಮಾಡಿಕೊಡ್ತೇವೆ ಸರ್" ಅಂತ ಹೇಳಿ ಅವರ ಮೊಬೈಲು, ಅವರ ಇಮೇಲು ಹಾಕಿ ಖಾತೆ ತೆರೆದು ಹೋಗುತ್ತಾರೆ, ಐದು ವರ್ಷದ ಮೇಲೆ ಆ ಸೇಲ್ಸ್‌ಮನ್ ಯಾವ ಕಂಪನಿಯಲ್ಲಿರುತ್ತಾನೋ ಯಾರಿಗೆ ಗೊತ್ತು? ನವೀಕರಣದ ಮೆಸೇಜೆಲ್ಲ ಅವನಿಗೇ ಹೋಗಿರುತ್ತದೆ. ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಇದೇ ತಾಪತ್ರಯ. ಕೂತು ಎರಡು ಸಂಜೆ ಕೊಟ್ಟರೆ ನೀವೇ ತುಂಬಬಹುದು.

ಮಷಿನ್ ಖರೀದಿಸುವ ಮುಂಚೆ ಪೋರ್ಟಲ್ಲಿನಲ್ಲಿ ಖರೀದಿ ಅನುಮತಿಯ ಹಂತ ನೋಡಿ. ಮಂಡಳಿಯ ಟೈಪ್ ಅಪ್ರೂವಲ್, ಅಂದರೆ ಆ ಮಾಡೆಲ್ಲಿಗೇ ಒಪ್ಪಿಗೆ, ಸಿಕ್ಕಿದ್ದನ್ನು ಮಾತ್ರ ತೆಗೆದುಕೊಳ್ಳಿ, ಮಾರುವವರಿಗೂ ಮಂಡಳಿಯ ಅನುಮತಿ ಇರಬೇಕು, ಎರಡರ ಕಾಗದವನ್ನೂ ಕೊಟೇಶನ್ ಜೊತೆಗೇ ಕೇಳಿ. ಭಾವ ಬುಕ್ ಮಾಡಿದ್ದ ಮಷಿನ್ ಪುಣ್ಯಕ್ಕೆ ಅಪ್ರೂವಲ್ ಇದ್ದದ್ದೇ ಆಗಿತ್ತು, ಡೆಲಿವರಿಯನ್ನು ಎರಡು ತಿಂಗಳು ಮುಂದೆ ಹಾಕಿಸಿದೆವು, ಅಷ್ಟರಲ್ಲಿ ಗೋಡೆ ಮುಗಿಯಿತು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಇನ್ನೂ ಹುಷಾರು: ಕೊಡುವವರ ಖಾತೆಯಿಂದ ಆ ಮಷಿನ್ ನಿಮ್ಮ ಖಾತೆಗೆ ಬರಬೇಕು. ದುಡ್ಡು ಕೊಟ್ಟು ಟೆಂಪೋ ತುಂಬಿಸಿ ತಂದರೆ ಅದು ಕಾಗದದಲ್ಲಿ ಇನ್ನೂ ಅವರ ಮಷಿನ್ನೇ.

ಮಷಿನ್ ಕೂರಿಸಿದ ಮೇಲೆ ಕ್ಯೂಎ, ಅಂದರೆ ಗುಣಮಟ್ಟದ ಪರೀಕ್ಷೆ. ಮಂಡಳಿ ಮಾನ್ಯ ಮಾಡಿದ ಏಜೆನ್ಸಿಯವರೇ ಮಾಡಬೇಕು. ಇದರ ಜೊತೆಗೆ ಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದು ಗೋಡೆಯ ಹೊರಗೆ, ಬಾಗಿಲ ಹತ್ತಿರ, ಕಂಟ್ರೋಲ್ ಪ್ಯಾನೆಲ್ ಹಿಂದೆ ಎಷ್ಟು ಬರುತ್ತಿದೆ ಅಂತ ಅಳೆಯುತ್ತಾರೆ. ಆ ದಿನ ನೀವು ಅಲ್ಲೇ ಇರಿ, ಅವರ ಜೊತೆ ಹೊರಗೆ ಹೋಗಿ. ಮುಲುಂಡ್‌ನಲ್ಲಿ ಅವತ್ತು ಒಬ್ಬ ಹುಡುಗ ಮೀಟರ್ ಹಿಡಿದು ಬಾಗಿಲ ಕೆಳಗಿನ ಸಂದಿಗೆ ಬಗ್ಗಿದಾಗ ಮುಳ್ಳು ಅಲುಗಿತು. ಗ್ರಾನೈಟ್ ಹೊಸ್ತಿಲಿನ ಮೇಲೆ ಬೆರಳು ತೂರುವಷ್ಟು ಸಂದು. ಬಡಗಿಯನ್ನು ಮತ್ತೆ ಕರೆಸಿ, ಬಾಗಿಲ ಅಡಿಗೆ ಸೀಸದ ಪಟ್ಟಿ ಹೊಡೆಸಿ, ಮತ್ತೆ ಅಳೆಸಿದೆವು. ನಾವು ಒಳಗೆ ಚಹಾ ಕುಡಿಯುತ್ತಾ ಕೂತಿದ್ದರೆ ರಿಪೋರ್ಟಿನಲ್ಲಿ ಅದು ಬರುತ್ತಿತ್ತೋ ಇಲ್ಲವೋ.

ರಿಪೋರ್ಟ್ ಅಪ್‌ಲೋಡ್ ಮಾಡಿ, ಕೆಲಸ ಮಾಡುವವರ ವಿದ್ಯಾರ್ಹತೆ, ಕಿರಣದ ಲೆಕ್ಕ ಇಡುವ ಬ್ಯಾಡ್ಜಿನ ವಿವರ, ಆರ್‌ಎಸ್‌ಒ ಯಾರು ಅನ್ನುವುದನ್ನು ಸೇರಿಸಿ ಕೊನೆಯ ಅರ್ಜಿ ಹಾಕಿ. ಕೈಗೆ ಅನುಮತಿ ಬರುವವರೆಗೆ ಒಂದು ಎಕ್ಸ್‌ರೇ ಕೂಡ ತೆಗೆಯಬೇಡಿ, ಸ್ನೇಹಿತರದ್ದೂ ಬೇಡ. ಬಂದ ಮೇಲೆ ಅದನ್ನು ಫೈಲಿನಲ್ಲಿ ಮುಚ್ಚಿಡದೆ ಕಾಯುವ ಕೋಣೆಯ ಗೋಡೆಗೆ ಹಾಕಿ. ಕ್ಯೂಎ ಆಮೇಲೂ ಎರಡು ವರ್ಷಕ್ಕೊಮ್ಮೆ ಮಾಡಿಸುತ್ತಿರಬೇಕು, ಟ್ಯೂಬ್ ಬದಲಾಯಿಸುವಂಥ ದೊಡ್ಡ ರಿಪೇರಿ ಆದರೆ ಆಗಲೂ.

ಬ್ಯಾಡ್ಜು, ಏಪ್ರನ್ನು, ಮತ್ತು ಒಳಗೆ ಕೆಲಸ ಮಾಡುವವರು

ನಮ್ಮಂಥ ಕೆಲಸಗಾರರಿಗೆ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ಕಿರಣವನ್ನು ಅಳೆಯುವ ಮಾನ) ಮಿತಿ, ಅದೂ ಐದು ವರ್ಷದ ಸರಾಸರಿಯಲ್ಲಿ, ಯಾವ ಒಂದು ವರ್ಷವೂ 30 ದಾಟಬಾರದು. ಸಾರ್ವಜನಿಕರಿಗೆ, ಅಂದರೆ ವಾಚ್‌ಮನ್ ಚಾಚಾಗೆ, ತೊಟ್ಟಿಲಿನ ಮಗುವಿಗೆ, ವರ್ಷಕ್ಕೆ 1. ರೋಗಿಗೆ ಇಂಥ ಮಿತಿ ಇಲ್ಲ, ಯಾಕಂದ್ರೆ ಅವರಿಗೆ ಅದರಿಂದ ಪ್ರಯೋಜನ ಇದೆ. ಗೋಡೆಯ ಆಚೆ ಇರುವವರಿಗೆ ಯಾವ ಪ್ರಯೋಜನವೂ ಇಲ್ಲ, ಅವರು ಒಪ್ಪಿಗೆಯನ್ನೂ ಕೊಟ್ಟಿಲ್ಲ. ಒಂದು ಎದೆ ಎಕ್ಸ್‌ರೇಯಲ್ಲಿ ರೋಗಿಗೆ ಸಿಗುವುದು 0.1 ಮಿಲಿಸೀವರ್ಟಿಗಿಂತಲೂ ಕಡಿಮೆ, ಎದೆಯ ಸಿಟಿಯಲ್ಲಿ ಸುಮಾರು 7 ಆಗಬಹುದು. ಡಾಕ್ಟರು ಬೇಕು ಅಂದ ಎಕ್ಸ್‌ರೇಗೆ ಹೆದರಿ ಓಡಬೇಡಿ, ಹಾಗೆಯೇ "ಹೇಗೂ ಬಂದಿದ್ದೇನೆ, ಒಂದು ಸಿಟಿ ಮಾಡಿಬಿಡಿ" ಅಂತಲೂ ಕೇಳಬೇಡಿ.

ಟಿಎಲ್‌ಡಿ ಬ್ಯಾಡ್ಜ್ ಅಂದರೆ ಅಂಗಿಗೆ ಸಿಕ್ಕಿಸುವ ಸಣ್ಣ ಡಬ್ಬಿ, ಒಳಗೆ ಮೂರು ಬಿಲ್ಲೆಗಳ ಕಾರ್ಡು. ಅದು ಏನನ್ನೂ ತಡೆಯುವುದಿಲ್ಲ, ಎಷ್ಟು ಬಿತ್ತು ಅಂತ ನೆನಪಿಟ್ಟುಕೊಳ್ಳುತ್ತದೆ ಅಷ್ಟೇ. ಮೂರು ತಿಂಗಳಿಗೊಮ್ಮೆ ಮಾನ್ಯತೆ ಇರುವ ಲ್ಯಾಬಿಗೆ ಹೋಗಿ ಲೆಕ್ಕ ಬರುತ್ತದೆ. ಎದೆಯ ಮಟ್ಟದಲ್ಲಿ, ಲೆಡ್ ಏಪ್ರನ್ನಿನ ಒಳಗೆ ಹಾಕಬೇಕು. ಒಬ್ಬರ ಬ್ಯಾಡ್ಜ್ ಇನ್ನೊಬ್ಬರು ಹಾಕುವ ಹಾಗಿಲ್ಲ. ಜೊತೆಗೆ ಒಂದು ಕಂಟ್ರೋಲ್ ಬ್ಯಾಡ್ಜ್ ಬರುತ್ತದೆ, ಅದನ್ನು ಕಿರಣ ಬರದ ದೂರದ ಕೋಣೆಯಲ್ಲಿ ಇಡಬೇಕು. ನಾನು ಮೊದಲು ಹೇಳಿದ ಆ ಸೆಂಟರಿನಲ್ಲಿ ಅದನ್ನು ಎಕ್ಸ್‌ರೇ ರೂಮಿನ ಡ್ರಾಯರಿನಲ್ಲೇ ಇಟ್ಟಿದ್ದರು. ನಮ್ಮ ಬ್ಯಾಡ್ಜಿನ ಲೆಕ್ಕದಿಂದ ಕಂಟ್ರೋಲಿನ ಲೆಕ್ಕ ಕಳೆದರೆ ಪ್ರತಿ ಸಲ ಸೊನ್ನೆ. ನಾವೆಲ್ಲ ಖುಷಿಯಾಗಿದ್ದೆವು. ಈಗ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ. ಇದರ ಉಲ್ಟಾವೂ ಆಗುತ್ತದೆ, ಕೋಟಿನಲ್ಲಿ ಬ್ಯಾಡ್ಜ್ ಮರೆತು ಕೋಟನ್ನು ಎಕ್ಸ್‌ರೇ ರೂಮಿನಲ್ಲೇ ತೂಗುಹಾಕಿ ಹೋದರೆ ಮೂರು ತಿಂಗಳ ಮೇಲೆ ನಿಮ್ಮ ಹೆಸರಿಗೆ ದೊಡ್ಡ ಅಂಕಿ ಬಂದು, ವಿಚಾರಣೆಗೆ ಉತ್ತರ ಬರೆಯಬೇಕಾಗುತ್ತದೆ.

ಏಪ್ರನ್ ಕನಿಷ್ಠ 0.25 ಮಿಲಿಮೀಟರ್ ಸೀಸಕ್ಕೆ ಸಮ ಇರಬೇಕು. ಮಡಚಿ ಕುರ್ಚಿಯ ಮೇಲೆ ಎಸೆಯಬೇಡಿ, ಒಳಗೆ ಬಿರುಕು ಬಿಡುತ್ತದೆ, ಹೊರಗೆ ರೆಕ್ಸಿನ್ ಚೆನ್ನಾಗೇ ಕಾಣುತ್ತಿರುತ್ತದೆ. ದಪ್ಪ ಹ್ಯಾಂಗರಿಗೆ ಹಾಕಿ, ವರ್ಷಕ್ಕೊಮ್ಮೆ ಏಪ್ರನ್ನಿನದೇ ಎಕ್ಸ್‌ರೇ ತೆಗೆದು ನೋಡಿ.

ಹದಿನೆಂಟು ತುಂಬದವರನ್ನು ಈ ಕೆಲಸಕ್ಕೆ ಇಡುವ ಹಾಗಿಲ್ಲ. ಊರಿಂದ ಬಂದ ತಮ್ಮನನ್ನೋ ವಾರ್ಡ್ ಬಾಯನ್ನೋ ಕರೆದು "ಮಗುವಿನ ಕೈ ಹಿಡ್ಕೋ" ಅನ್ನಬೇಡಿ. ಮಗುವನ್ನು ಹಿಡಿಯಲೇಬೇಕಾದರೆ ಮನೆಯವರು, ಗರ್ಭಿಣಿ ಅಲ್ಲದವರು, ಏಪ್ರನ್ ಹಾಕಿಕೊಂಡು ಹಿಡಿಯಲಿ. ಕೆಲಸ ಮಾಡುವ ಹೆಣ್ಣುಮಕ್ಕಳು ಗರ್ಭಿಣಿ ಅಂತ ಗೊತ್ತಾದ ಕೂಡಲೇ ಮಾಲೀಕರಿಗೂ ಆರ್‌ಎಸ್‌ಒಗೂ ಬರೆದು ಕೊಡಿ. ಅಲ್ಲಿಂದ ಮುಂದೆ ಹೊಟ್ಟೆಯಲ್ಲಿರುವ ಮಗುವಿಗೆ ಇರುವ ಮಿತಿ 1 ಮಿಲಿಸೀವರ್ಟ್, ನಿಮ್ಮ ಕೆಲಸವನ್ನು ಅದಕ್ಕೆ ತಕ್ಕಂತೆ ಬದಲಾಯಿಸಿಕೊಡಬೇಕು. ನಾನು ನನ್ನ ಮಗಳ ಸಮಯದಲ್ಲಿ ನಾಚಿಕೊಂಡು ಒಂದು ತಿಂಗಳು ಹೇಳಿರಲಿಲ್ಲ. ನೀವು ಹಾಗೆ ಮಾಡಬೇಡಿ.

ಜಾಗ ಬಿಡುವಾಗ, ಮಷಿನ್ ಬಿಡುವಾಗ

ಜಾಗ ಬದಲಾದರೆ ಅನುಮತಿ ಹೊಸದಾಗಿ ಬೇಕು, ಪಕ್ಕದ ಬಿಲ್ಡಿಂಗಿಗೆ ಹೋದರೂ. ಮಾರಿದರೆ ಪೋರ್ಟಲ್ಲಿನಲ್ಲಿ ವರ್ಗಾಯಿಸಿ. ಬಿಸಾಡುವುದಾದರೆ ಪೋರ್ಟಲ್ಲಿನಲ್ಲಿ ಡಿಕಮಿಷನಿಂಗ್ ಅಂತ ತಿಳಿಸಿ, ಮಷಿನ್ ಮತ್ತೆ ನಡೆಯದ ಹಾಗೆ ಕೇಬಲ್ ಕತ್ತರಿಸಿ, ಟ್ಯೂಬ್ ಕೆಡಿಸಿ, ಆಮೇಲೆ ಕೊಡಿ. ಎಕ್ಸ್‌ರೇ ಮಷಿನ್ನಿನಲ್ಲಿ ವಿಕಿರಣ ವಸ್ತು ಇರುವುದಿಲ್ಲ, ಕರೆಂಟ್ ಇಲ್ಲದಿದ್ದರೆ ಕಿರಣವೂ ಇಲ್ಲ, ಹಾಗಾಗಿ ಗುಜರಿಗೆ ಹೋದ ಎಕ್ಸ್‌ರೇ ಮಷಿನ್ ನೋಡಿ ಗಾಬರಿ ಬೇಡ.

ಆದರೆ ಕೋಬಾಲ್ಟ್, ಇರಿಡಿಯಂ, ಸೀಸಿಯಂ ಥರದ ವಿಕಿರಣ ವಸ್ತು ತುಂಬಿದ ಉಪಕರಣ ಬೇರೆ ಮಾತು. ಅದಕ್ಕೆ ಸ್ವಿಚ್ಚೇ ಇಲ್ಲ, ಕಿರಣ ಸದಾ ಬರುತ್ತಲೇ ಇರುತ್ತದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಕೋಬಾಲ್ಟ್-60ರ ಉಪಕರಣವನ್ನು ಹಳೇ ಸಾಮಾನಿನ ಜೊತೆ ಹರಾಜು ಹಾಕಿತು. ಅದು ಮಾಯಾಪುರಿಯ ಗುಜರಿ ಬಜಾರಿಗೆ ಹೋಯಿತು. ಅಲ್ಲಿಯ ಕೆಲಸಗಾರರು ಸೀಸದ ಕವಚ ಬಿಚ್ಚಿದರು, ಒಬ್ಬರು ತುಂಡನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಹಲವರ ಚರ್ಮ ಸುಟ್ಟಿತು, ಕೂದಲು ಉದುರಿತು, ಏಪ್ರಿಲ್ ಕೊನೆಯಲ್ಲಿ ಒಬ್ಬರು ತೀರಿಕೊಂಡರು. ಇದನ್ನು ಕುರ್ಲಾ, ಸಾಕಿನಾಕಾ, ತಳೋಜಾ ಕಡೆ ಭಂಗಾರ್, ಅಂದರೆ ಗುಜರಿ, ವ್ಯಾಪಾರ ಮಾಡುವ, ಅಲ್ಲಿ ಕೂಲಿ ಮಾಡುವ ನಮ್ಮವರಿಗೆ ದಯವಿಟ್ಟು ಬಾಯಿಬಿಟ್ಟು ಹೇಳಿ. ಗಾತ್ರ ಸಣ್ಣದು, ತೂಕ ವಿಪರೀತ, ಒಳಗೆ ಸೀಸದ ಗಡಿಗೆ ಅಥವಾ ಹೊಳೆಯುವ ಉಕ್ಕಿನ ಕೊಳವೆ, ಮೇಲೆ ಮೂರು ಎಸಳಿನ ಗುರುತು ಅಥವಾ ಅದು ಮಾಸಿದ ಕಲೆ. ಇಂಥದ್ದು ಕಂಡರೆ ಒಡೆಯಬೇಡಿ, ಗ್ಯಾಸ್ ಕಟರ್ ಹಚ್ಚಬೇಡಿ, ಜೇಬಿಗೆ ಹಾಕಬೇಡಿ. ಮುಟ್ಟದೆ ದೂರ ಸರಿಯಿರಿ, ಎರಡು ಪಟ್ಟು ದೂರ ಹೋದರೆ ಮೈಮೇಲೆ ಬೀಳುವ ಕಿರಣ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಬೇರೆಯವರನ್ನೂ ದೂರ ಇಟ್ಟು 112ಕ್ಕೆ ಫೋನ್ ಮಾಡಿ, ವಿಕಿರಣದ ಗುರುತು ಇದೆ ಅಂತ ಅದೇ ಮಾತಿನಲ್ಲಿ ಹೇಳಿ. ಈಗಾಗಲೇ ಮುಟ್ಟಿದ್ದರೆ, ಆಮೇಲೆ ವಾಂತಿಯೋ ಕೈ ಕೆಂಪಾಗುವುದೋ ಆದರೆ, ಆಸ್ಪತ್ರೆಯಲ್ಲಿ ಆ ಲೋಹದ ವಿಷಯ ಮೊದಲು ಹೇಳಿ, ಇಲ್ಲದಿದ್ದರೆ ಸುಟ್ಟ ಗಾಯದ ಮುಲಾಮು ಕೊಟ್ಟು ಕಳಿಸಿಬಿಡುತ್ತಾರೆ.

ನೀವು ಗೋಡೆಯ ಆಚೆಯವರಾಗಿದ್ದರೆ

ನಿಮ್ಮ ಬಿಲ್ಡಿಂಗಿನಲ್ಲಿ ಹೊಸ ಎಕ್ಸ್‌ರೇ ಸೆಂಟರ್ ಬರುತ್ತಿದ್ದರೆ ಮೊದಲು ಜಗಳಕ್ಕೆ ಹೋಗಬೇಡಿ. ಹೋಗಿ ಎಇಆರ್‌ಬಿ ಕಾಗದ ತೋರಿಸಿ ಅಂತ ಕೇಳಿ. ಅದರಲ್ಲಿ ಮೂರು ಸಂಗತಿ ನೋಡಿ: ವಿಳಾಸ ಇದೇ ಬಿಲ್ಡಿಂಗಿನದ್ದೇ, ಮಷಿನ್ನಿನ ಮಾಡೆಲ್ ಮತ್ತು ಸೀರಿಯಲ್ ನಂಬರ್ ಕೂರಿಸಿದ ಮಷಿನ್ನಿನದ್ದೇ, ಅವಧಿ ಮುಗಿದಿಲ್ಲವೇ. ನಿಮ್ಮ ಗೋಡೆಯ ಹತ್ತಿರ ಅಳೆದ ಸರ್ವೇ ರಿಪೋರ್ಟ್ ತೋರಿಸಿ ಅಂತಲೂ ಕೇಳಿ. ನಿಯಮ ಪಾಲಿಸುವವರು ಖುಷಿಯಿಂದ ತೋರಿಸುತ್ತಾರೆ. ಭಾವ ಪಕ್ಕದ ಮನೆಯವರಿಗೆ ಒಂದು ಜೆರಾಕ್ಸೇ ಕೊಟ್ಟಿದ್ದಾರೆ.

ತೋರಿಸದಿದ್ದರೆ ಸೊಸೈಟಿ ಕಮಿಟಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆದು, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಅದಕ್ಕೂ ಉತ್ತರ ಬರದಿದ್ದರೆ ಮಂಡಳಿಗೇ ಬರೆಯಿರಿ, ಸೆಂಟರಿನ ಪೂರ್ತಿ ವಿಳಾಸ, ಯಾವ ಮಷಿನ್, ಗೋಡೆಯ ಆಚೆ ಏನಿದೆ, ಹೊರಗಿನಿಂದ ತೆಗೆದ ಫೋಟೋ. "ನಮಗೆ ಕ್ಯಾನ್ಸರ್ ಬರುತ್ತದೆ" ಅಂತ ಬರೆಯುವ ಬದಲು "ಚೆಸ್ಟ್ ಸ್ಟ್ಯಾಂಡಿನ ಹಿಂದಿನ ಗೋಡೆ ಐದಿಂಚು, ಅದರ ಆಚೆ ನಮ್ಮ ಮಲಗುವ ಕೋಣೆ" ಅಂತ ಬರೆದರೆ ಓದುವವರಿಗೆ ಏನು ನೋಡಬೇಕು ಅಂತ ಗೊತ್ತಾಗುತ್ತದೆ. ಅನುಮತಿ ಇಲ್ಲದ ಮಷಿನ್ನನ್ನು ನಿಲ್ಲಿಸುವ, ಸೀಲ್ ಮಾಡುವ ಅಧಿಕಾರ ಮಂಡಳಿಗೆ ಇದೆ.

ಮಾಹಿತಿ ಹಕ್ಕಿನ ದಾರಿಯೂ ಇದೆ. ಎಇಆರ್‌ಬಿ ಕೇಂದ್ರ ಸರ್ಕಾರದ್ದು, ಹಾಗಾಗಿ ಕೇಂದ್ರದ ಆರ್‌ಟಿಐ ಪೋರ್ಟಲ್ಲಿನಲ್ಲೇ 10 ರೂಪಾಯಿ ಕಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ. ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯಿರಿ. ಕಾಯ್ದೆ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯನ್ನೂ ಒಪ್ಪುತ್ತದೆ, ಮುಂಬೈಯಲ್ಲಿ ಅದು ಮರಾಠಿ, ಕನ್ನಡದಲ್ಲಿ ಬರೆದರೆ ವಾಪಸ್ ಬರಬಹುದು. ಪ್ರಶ್ನೆ ಸಣ್ಣದಾಗಿರಲಿ: ಈ ವಿಳಾಸದಲ್ಲಿ ಯಾವ ಯಾವ ಎಕ್ಸ್‌ರೇ ಉಪಕರಣಕ್ಕೆ ಅನುಮತಿ ಕೊಟ್ಟಿದ್ದೀರಿ, ಯಾವ ತಾರೀಕಿನವರೆಗೆ, ಕೊನೆಯ ಕ್ಯೂಎ ರಿಪೋರ್ಟ್ ಯಾವತ್ತಿನದು. ಉತ್ತರ ಬರುವವರೆಗೆ ಮಂಚವನ್ನೋ ತೊಟ್ಟಿಲನ್ನೋ ಆ ಗೋಡೆಯಿಂದ ಈಚೆ ಎಳೆದುಕೊಳ್ಳಿ, ಕೆಳಗೆ ವಾಚ್‌ಮನ್ ಕುರ್ಚಿ ಎಲ್ಲಿದೆ ಅಂತಲೂ ಒಮ್ಮೆ ಇಳಿದು ನೋಡಿ ಬನ್ನಿ.